ಗೆರೆಯ ಬಾಯಿಗೆ ಕನ್ನಡ, ನಟನ ಬಾಯಿಗೆ ಬೀಗ

2024ರ ಮೇ 31ರಂದು ‘ಛೋಟಾ ಭೀಮ್ ಅಂಡ್ ದಿ ಕರ್ಸ್ ಆಫ್ ದಮ್ಯಾನ್’ ಎಂಬ ಹಿಂದಿ ಸಿನಿಮಾ ತೆರೆಗೆ ಬಂತು. ಅದೇ ಹೆಸರಿನ ಆನಿಮೇಷನ್ ಚಿತ್ರ 2012ರಲ್ಲೇ ಬಂದಿತ್ತು. ಅದಕ್ಕೂ ಹಿಂದೆ, 2008ರಿಂದ, ಪೋಗೋ ವಾಹಿನಿಯಲ್ಲಿ ಛೋಟಾ ಭೀಮ್ ಧಾರಾವಾಹಿಯಾಗಿ ಓಡುತ್ತಿತ್ತು. ಮೂರನ್ನೂ ಮಾಡಿದ್ದು ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ. ಈ ಸಲದ ಹೊಸತೆಂದರೆ ಢೋಲಕ್‌ಪುರದ ಹುಡುಗರಿಗೆ ಮೈ ಬಂದಿತ್ತು. ಯಜ್ಞ ಭಾಸಿನ್ ಎಂಬ ಬಾಲನಟ ಭೀಮನಾದ, ಅನುಪಮ್ ಖೇರ್ ಗುರು ಶಂಭುವಾದರು, ಮಕರಂದ್ ದೇಶಪಾಂಡೆ ಸ್ಕಂದಿಯಾದರು. ಹದಿನಾರು ವರ್ಷ ಒಂದಂಗುಲವೂ ಬೆಳೆಯದೆ ಲಾಡು ತಿಂದು ಗೆಲ್ಲುತ್ತಿದ್ದ ಒಂಬತ್ತರ ಪೋರ ಈಗ ಬೆವರುವ, ಉಸಿರು ಹಿಡಿಯುವ, ಮುಂದಿನ ವರ್ಷ ದನಿ ಒಡೆಯಬಹುದಾದ ಹುಡುಗನಾಗಿ ನಿಂತ. ಸಿನಿಮಾ ಓಡಲಿಲ್ಲ.

ಟಿವಿಯ ಮಕ್ಕಳ ಕಾರ್ಟೂನಿಗೆ ನಟರ ಮೈ ಕೊಡುವ ಈ ಚಾಳಿ ಅಮೆರಿಕದಲ್ಲಿ ಹಳೆಯದು. ಹೀ-ಮ್ಯಾನ್ 1987ರಲ್ಲಿ, ಫ್ಲಿಂಟ್‌ಸ್ಟೋನ್ಸ್ 1994ರಲ್ಲಿ, ಸ್ಕೂಬಿ-ಡೂ 2002ರಲ್ಲಿ ಹೀಗೆ ಸಿನಿಮಾ ಆದವು. 2010ರ ‘ದಿ ಲಾಸ್ಟ್ ಏರ್‌ಬೆಂಡರ್’ ದೊಡ್ಡ ಜಗಳವನ್ನೇ ಹುಟ್ಟಿಸಿತು. ಅದರ ನಿರ್ದೇಶಕ ಎಂ. ನೈಟ್ ಶ್ಯಾಮಲನ್ ಹುಟ್ಟಿದ್ದು ನಮ್ಮದೇ ಪಶ್ಚಿಮ ಕರಾವಳಿಯ ಮಾಹೆಯಲ್ಲಿ ಎಂಬುದು ಇಲ್ಲಿ ಅಷ್ಟೇನೂ ಮುಖ್ಯವಲ್ಲದ ಮಾತು. ಮುಖ್ಯವಾದದ್ದು ಜಗಳದ ಕಾರಣ. ಕಾರ್ಟೂನಿನಲ್ಲಿ ಏಷ್ಯಾದ ಬಟ್ಟೆ ತೊಟ್ಟು, ಏಷ್ಯಾದ ಹೆಸರಿಟ್ಟುಕೊಂಡಿದ್ದ ಮಕ್ಕಳ ಪಾತ್ರಗಳು ಸಿನಿಮಾದಲ್ಲಿ ಬಿಳಿಯ ನಟರ ಪಾಲಾದವು. ಗೆರೆಯಲ್ಲಿದ್ದಾಗ ಯಾರೂ ಕೇಳದ ಪ್ರಶ್ನೆ ಮೈ ಬಂದ ಕೂಡಲೇ ಎದ್ದಿತು: ಈ ಮೈ ಯಾರದು?

ಕರ್ನಾಟಕದಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು, ಅದೂ ಸದ್ದಿಲ್ಲದೆ. ಇಲ್ಲಿ ತಕರಾರು ಮೈಯ ಬಣ್ಣದ್ದಲ್ಲ, ಬಾಯಿಯದು. ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳು ಟಿವಿಯ ಎದುರು ಕುಳಿತ ಕಾಲದ ಚರಿತ್ರೆಯನ್ನು ಬರೆಯುವುದಾದರೆ ಈ ಬಾಯಿಯ ಸಂಗತಿಯಿಂದಲೇ ಶುರುಮಾಡಬೇಕು ಎಂದು ನನಗನ್ನಿಸುತ್ತದೆ.

ಡಬ್ಬಿಂಗ್ ಮಾಡುವವರಿಗೆ ಗೊತ್ತಿರುವ ಒಂದು ಸರಳ ವಿಷಯವಿದೆ. ಕಾರ್ಟೂನಿನ ಬಾಯಿ ಹೆಚ್ಚೆಂದರೆ ನಾಲ್ಕಾರು ಆಕಾರ ತಳೆಯುತ್ತದೆ; ಅಗ್ಗದ ಧಾರಾವಾಹಿಗಳಲ್ಲಿ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಆ ಬಾಯಿಗೆ ಯಾವ ಭಾಷೆಯೂ ಒಗ್ಗುತ್ತದೆ. ಮನುಷ್ಯರ ಬಾಯಿ ಹಾಗಲ್ಲ. ಪ, ಬ, ಮ ಹೇಳುವಾಗ ತುಟಿ ಕೂಡಲೇಬೇಕು. ಕೂಡಿದ್ದನ್ನು ಕ್ಯಾಮೆರಾ ನೋಡಿರುತ್ತದೆ. ಹಿಂದಿಯ ಎಷ್ಟೋ ಪದಗಳು ವ್ಯಂಜನದಲ್ಲಿ ನಿಲ್ಲುತ್ತವೆ, ಕನ್ನಡದವು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಅಲ್ಲಿ ನಟ ಬಾಯಿ ಮುಚ್ಚಿಯಾಗಿದೆ, ಇಲ್ಲಿ ನಮ್ಮ ‘ಉ’ಕಾರ ಇನ್ನೂ ಹೊರಗೆ ಉಳಿದಿದೆ. ಡಬ್ಬಿಂಗ್ ಬರೆಯುವವರು ಅರ್ಥದ ಜೊತೆಗೆ ತುಟಿಯನ್ನೂ ಎಣಿಸಬೇಕಾಗುತ್ತದೆ. ಅಂದರೆ ಕಾರ್ಟೂನು ಹುಟ್ಟಿನಿಂದಲೇ ಬಹುಭಾಷಿ. ನಟ ಒಂದು ಭಾಷೆಯ ಮನುಷ್ಯ, ಅವನನ್ನು ಬೇರೆ ಭಾಷೆಗೆ ತರಲು ಶ್ರಮ ಬೇಕು, ಕೆಲವೊಮ್ಮೆ ಜಗಳವೂ ಬೇಕು.

ಜಗಳ ನಮ್ಮಲ್ಲಿ ಮೊದಲೇ ಆಗಿತ್ತು. 1960ರ ದಶಕದ ಆರಂಭದಲ್ಲಿ ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ತಯಾರಾಗುತ್ತಿದ್ದ ಕಾಲ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು, ಅದರ ಮೇಲೆ ಬೇರೆ ಭಾಷೆಗಳಿಂದ ಡಬ್ಬಾಗಿ ಬರುವ ಚಿತ್ರಗಳ ಪೈಪೋಟಿ. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರ ಕನ್ನಡ ಚಳವಳಿ, ರಾಜ್‌ಕುಮಾರ್ ಸೇರಿದಂತೆ ಚಿತ್ರರಂಗದವರ ಬೆಂಬಲ ಎರಡೂ ಸೇರಿ ಡಬ್ಬಿಂಗ್ ನಿಂತಿತು. ಕಾನೂನಿನ ಪುಸ್ತಕದಲ್ಲಿ ಎಲ್ಲೂ ಬರೆಯದ ಈ ನಿಷೇಧ ಅರ್ಧ ಶತಮಾನ ಗಟ್ಟಿಯಾಗಿ ನಿಂತದ್ದು ಆಶ್ಚರ್ಯವೇ. ಆಗಿನ ಪರಿಸ್ಥಿತಿಯಲ್ಲಿ ಅದು ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕನ್ನಡದ ನಟರು, ತಂತ್ರಜ್ಞರು, ಹಾಡುಗಾರರು ಎಂಬ ಒಂದು ಸಮುದಾಯವೇ ಅದರಿಂದ ಉಳಿಯಿತು. ಆದರೆ ಆ ಚರ್ಚೆಯಲ್ಲಿ ಮಕ್ಕಳು ಒಂದು ಪಕ್ಷವಾಗಿ ಕಾಣಿಸಿಕೊಂಡದ್ದೇ ಇಲ್ಲ. ಮಕ್ಕಳಿಗೆ ಚಿತ್ರೋದ್ಯಮದಲ್ಲಿ ಸಂಘವಿಲ್ಲವಲ್ಲ.

2009ರಲ್ಲಿ ಸನ್ ನೆಟ್‌ವರ್ಕ್ ‘ಚಿಂಟು ಟಿವಿ’ ಆರಂಭಿಸಿತು. ತಮಿಳಿನ ‘ಚುಟ್ಟಿ’ಯ ಕನ್ನಡದ ತಂಗಿ. ಅದರಲ್ಲಿ ಬಂದದ್ದು ಬಹುಮಟ್ಟಿಗೆ ಡಬ್ಬಿಂಗೇ. ಡೋರಾ ಎಂಬ ಹುಡುಗಿ ಬೆನ್ನಚೀಲ ಹೊತ್ತು ಕಾಡು, ಹೊಳೆ ದಾಟುತ್ತ ಕನ್ನಡದಲ್ಲಿ ದಾರಿ ಕೇಳಿದಳು. ಬೀದಿಗಳಲ್ಲಿ ಪೋಸ್ಟರ್ ಹರಿಯಲಿಲ್ಲ, ಬಂದ್ ಆಗಲಿಲ್ಲ. ಮೂರು ವರ್ಷದ ನಂತರ, 2012ರಲ್ಲಿ, ಆಮೀರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳದಲ್ಲೂ ಪ್ರಸಾರವಾದಾಗ ಕನ್ನಡದ ವಾಹಿನಿಯಲ್ಲಿ ಮಾತ್ರ ಬರಲಾಗಲಿಲ್ಲ. ಹೆಣ್ಣುಭ್ರೂಣ ಹತ್ಯೆಯ ಬಗ್ಗೆ ಮಾತಾಡುವ ನಟನ ಬಾಯಿಗೆ ಕನ್ನಡ ಹಾಕುವಂತಿಲ್ಲ, ದಾರಿ ಕೇಳುವ ಗೆರೆಯ ಹುಡುಗಿಯ ಬಾಯಿಗೆ ಹಾಕಬಹುದು. ಯಾರೂ ಸಭೆ ಕರೆದು ತೀರ್ಮಾನಿಸಿದ ಗಡಿಯಲ್ಲ ಇದು. ಗೆರೆಯ ಬಾಯಿ ಯಾವ ನಟನ ಅನ್ನವನ್ನೂ ಕಸಿಯುವುದಿಲ್ಲ ಎಂಬ ಮೌನ ತಿಳಿವಳಿಕೆಯಿಂದ ಹುಟ್ಟಿದ್ದು. ಹೀಗೆ ಆನಿಮೇಷನ್ ಮತ್ತು ನಟರ ಸಿನಿಮಾ ಎಂಬ ಎರಡು ಪ್ರಕಾರಗಳ ನಡುವಿನ ಗೆರೆ, ಕರ್ನಾಟಕದ ಮಟ್ಟಿಗೆ, ಕನ್ನಡ ಸಲ್ಲುವ ಮತ್ತು ಸಲ್ಲದ ಜಾಗಗಳ ನಡುವಿನ ಗೆರೆಯೂ ಆಯಿತು. ಕಾರ್ಟೂನು ಸಿನಿಮಾ ಆಗಿ ಮೈ ಪಡೆದ ದಿನ ಕನ್ನಡ ಕಳೆದುಕೊಳ್ಳಬೇಕಿತ್ತು.

ಮೌಗ್ಲಿಯದು ಇದಕ್ಕೆ ತಕ್ಕ ಉದಾಹರಣೆ. ಜಪಾನಿನ ನಿಪ್ಪಾನ್ ಆನಿಮೇಷನ್ 1989ರಲ್ಲಿ ತಯಾರಿಸಿದ ‘ಜಂಗಲ್ ಬುಕ್’ ಧಾರಾವಾಹಿ 1993ರ ಹೊತ್ತಿಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂತು. ಶೀರ್ಷಿಕೆ ಗೀತೆ ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು, ಶೇರ್ ಖಾನನ ದನಿ ನಾನಾ ಪಾಟೇಕರರದು. ಕರಾವಳಿಯಲ್ಲೂ ನಮಗಿಂತ ಸ್ವಲ್ಪ ದೊಡ್ಡವರು ಆ ಹಾಡನ್ನು ಅರ್ಥವಾಗದಿದ್ದರೂ ಪೂರ್ತಿ ಹಾಡಬಲ್ಲರು. 2016ರಲ್ಲಿ ಡಿಸ್ನಿ, ನೀಲ್ ಸೇಥಿ ಎಂಬ ಹುಡುಗನನ್ನು ಮೌಗ್ಲಿ ಮಾಡಿ ‘ದಿ ಜಂಗಲ್ ಬುಕ್’ ತೆಗೆಯಿತು. ಅದು ರೂಪಾಂತರಿಸಿದ್ದು ಡಿಸ್ನಿಯ 1967ರ ಕಾರ್ಟೂನ್ ಸಿನಿಮಾವನ್ನು; ಆದರೆ ಭಾರತದಲ್ಲಿ ಅದನ್ನು ಮಾರಿದ್ದು ದೂರದರ್ಶನದ ನೆನಪಿನ ಮೇಲೆ. ಆ ಹಳೆಯ ಹಾಡನ್ನು ಪ್ರಚಾರಕ್ಕೆಂದು ಮತ್ತೆ ಹಾಡಿಸಿದರು, ಶೇರ್ ಖಾನನ ಹಿಂದಿ ದನಿಗೆ ಮತ್ತೆ ನಾನಾ ಪಾಟೇಕರರನ್ನೇ ಕರೆದರು. ಏಪ್ರಿಲ್ 8ಕ್ಕೆ, ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಇಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇಲ್ಲ. ತಮಾಷೆಯೆಂದರೆ ಆ ಸಿನಿಮಾದಲ್ಲಿ ಕಣ್ಣಿಗೆ ಕಾಣುವ ನಟ ಹೆಚ್ಚೂಕಡಿಮೆ ಆ ಹುಡುಗನೊಬ್ಬನೇ. ಕರಡಿ, ಹುಲಿ, ಹಾವು, ಕಾಡು ಎಲ್ಲವೂ ಕಂಪ್ಯೂಟರಿನಲ್ಲಿ ಬರೆದದ್ದು. ಬಾಲೂ ಕರಡಿ ಕನ್ನಡ ಮಾತಾಡಿದ್ದರೆ ಯಾವ ಕನ್ನಡ ನಟನ ಕೆಲಸ ಹೋಗುತ್ತಿತ್ತು? ದನಿ ಕೊಡುವ ನಾಲ್ಕು ಮಂದಿಗೆ ಕೆಲಸ ಸಿಗುತ್ತಿತ್ತು.

ಈ ಮೂರು ತಾಲೂಕುಗಳಿಗೆ ಇದರಿಂದ ಆದದ್ದೇನು ಎಂಬುದು ಒಂದೇ ಉತ್ತರದ ಪ್ರಶ್ನೆಯಲ್ಲ. ಅರವತ್ತು ಕಿಲೋಮೀಟರಿನ ಆಸುಪಾಸಿನ ಈ ಪಟ್ಟಿಯಲ್ಲಿ ಮನೆಮಾತು ಊರಿಂದೂರಿಗೆ, ಕೇರಿಯಿಂದ ಕೇರಿಗೆ ಬದಲಾಗುತ್ತದೆ. ಭಟ್ಕಳದ ನವಾಯತಿ ಮನೆಯ ಮಗುವಿಗೆ ಉರ್ದು ಕಿವಿಗೆ ಬಿದ್ದೇ ಇರುತ್ತದೆ. ಛೋಟಾ ಭೀಮನ ಹಿಂದಿ ಅದಕ್ಕೆ ಪಕ್ಕದ ಮನೆಯ ಮಾತು. ಹೊನ್ನಾವರದ ಬಂದರಿನ ಖಾರ್ವಿ ಮಗು ಕೊಂಕಣಿಯಿಂದ ಹಿಂದಿಗೆ ಸಲೀಸಾಗಿ ಹಾರಬಲ್ಲದು. ಕುಮಟಾದ ಹಾಲಕ್ಕಿ ಕೊಪ್ಪದ ಮಗುವಿಗೋ, ಘಟ್ಟದ ಬುಡದ ತೋಟದ ಹವ್ಯಕ ಮಗುವಿಗೋ ಅದು ನಿಜಕ್ಕೂ ಹೊಸ ಭಾಷೆ. ಶಾಲೆಯ ಪುಸ್ತಕದ ಕನ್ನಡವೇ ಮನೆಯ ಕನ್ನಡಕ್ಕಿಂತ ಬೇರೆಯಾಗಿರುವಾಗ, ಮೂರನೆಯದಾಗಿ ಟಿವಿಯ ಹಿಂದಿ. ಪೋಗೋದಲ್ಲಿ ಆಗ ತಮಿಳು, ತೆಲುಗಿನ ದನಿಯೂ ಇತ್ತು. ಮಗು ಭಾಷೆಗೆ ಹೆದರುವುದಿಲ್ಲ, ನೋಡಿ ನೋಡಿಯೇ ಕಲಿಯುತ್ತದೆ, ನಿಜ. ಆದರೆ ಆಟದ ಅಂಗಳದಲ್ಲಿ ಪರಾಕ್ರಮ ತೋರಿಸುವಾಗ ಹುಡುಗರ ಬಾಯಿಂದ ಹಿಂದಿಯ ಸವಾಲೇ ಬರುತ್ತಿದ್ದರೆ, ವೀರರಿಗೆ ಕನ್ನಡ ಬರುವುದಿಲ್ಲ ಎಂಬ ಒಂದು ಅಂದಾಜು ಅವರೊಳಗೆ ಇಳಿದಿರುತ್ತದೆ. ಚಿಂಟು ಟಿವಿ ಅದನ್ನು ಸ್ವಲ್ಪ ಅಲುಗಿಸಿತು, ನನ್ನ ವಯಸ್ಸಿನವರಿಗೆ ತುಸು ತಡವಾಗಿ.

ಇದು ಬರೀ ಡಬ್ಬಿಂಗ್ ವಿರೋಧಿಗಳ ಮೇಲೆ ಹೊರಿಸುವ ಮಾತಲ್ಲ. ಶಂಕರ್ ನಾಗ್ 1954ರಲ್ಲಿ ಹುಟ್ಟಿದ್ದು ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ. ಆಗ ಈ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು. ನಾಗರಕಟ್ಟೆ ಮನೆತನದ ಬೇರು ಭಟ್ಕಳದ ಶಿರಾಲಿಯದು. ಕನ್ನಡ ನೆಲದಲ್ಲಿ ಮಕ್ಕಳಿಗೆಂದು ಚಿತ್ರಿಸಿದ ಅತ್ಯಂತ ಪ್ರಸಿದ್ಧ ಟಿವಿ ಕೃತಿ ‘ಮಾಲ್ಗುಡಿ ಡೇಸ್’ ಅವರದು. ಪ್ರತಿ ಕಂತೂ ತೆರೆದುಕೊಳ್ಳುವುದು ಆರ್.ಕೆ. ಲಕ್ಷ್ಮಣರ ಗೆರೆಗಳಿಂದ. ಆಮೇಲೆ ಆ ಗೆರೆಯ ಬೀದಿಯೇ ಆಗುಂಬೆಯ ಬೀದಿಯಾಗಿ, ಗೆರೆಯ ಪೋರನೇ ಮಾಸ್ಟರ್ ಮಂಜುನಾಥ್ ಆಗಿ ಬರುತ್ತಾನೆ. ಚಲಿಸುವ ಕಾರ್ಟೂನಲ್ಲ, ಒಪ್ಪಿದೆ. ಆದರೆ ಗೆರೆಯಿಂದ ಮೈಗೆ ದಾಟುವ ಆ ಕ್ಷಣ ಇಷ್ಟು ಹಗುರವಾಗಿ ಬೇರೆಲ್ಲೂ ಆದದ್ದು ನನಗೆ ಕಂಡಿಲ್ಲ. ಅದರ ನಟರು ಬಹುತೇಕ ಕನ್ನಡದವರು, ಮಳೆ ಮಲೆನಾಡಿನದು, ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷ್. ದೂರದರ್ಶನದ ರಾಷ್ಟ್ರೀಯ ಪ್ರಸಾರಕ್ಕೆ ಬೇಕಿದ್ದುದು ಅದು. ಸ್ವಾಮಿ ಕನ್ನಡದಲ್ಲಿ ಮಾತಾಡಲು 2020ರವರೆಗೆ ಕಾಯಬೇಕಾಯಿತು. ಕೊರೊನಾ ಕಾಲದಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತು ವಾಹಿನಿಗಳು ಖಾಲಿಯಾದಾಗ ಜೀ ಕನ್ನಡ ಅದನ್ನು ಡಬ್ ಮಾಡಿ ತೋರಿಸಿತು. ಕನ್ನಡಿಗರು ನಟಿಸಿದ ಕೃತಿಗೆ ಕನ್ನಡ ದನಿ, ಮೂರು ದಶಕದ ಮೇಲೆ.

ಈಗ ಕರಾವಳಿಯ ಇನ್ನೊಂದು ರಂಗಕ್ಕೆ ಬರಬೇಕು. ಮನುಷ್ಯನಲ್ಲದ, ಮನುಷ್ಯನಿಗಿಂತ ದೊಡ್ಡದಾದ, ವಯಸ್ಸಾಗದ ಪಾತ್ರಕ್ಕೆ ಜೀವಂತ ಮೈ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿ ಹಳೆಯದೊಂದು ಉತ್ತರವಿದೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಶಂಭು ಹೆಗಡೆ 1986ರಲ್ಲಿ ಅಲ್ಲೇ ಶ್ರೀಮಯ ಯಕ್ಷಗಾನ ಕಲಾಕೇಂದ್ರ ತೆರೆದರು. ಕುಮಟಾದ ಮೂರೂರು, ಹೊನ್ನಾವರದ ಕರ್ಕಿ, ಚಿಟ್ಟಾಣಿ ಎಂದು ಊರಿನ ಹೆಸರು ಹೇಳಿದರೆ ಕಲಾವಿದರ ಹೆಸರೇ ಹೇಳಿದಂತೆ.

ರಾತ್ರಿಯ ಆಟ ಪಾತ್ರಗಳಿಂದ ಶುರುವಾಗುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಗಳು ಬರುತ್ತಾರೆ, ಆಮೇಲೆ ಬಾಲಗೋಪಾಲರು. ಬಲರಾಮ, ಕೃಷ್ಣರಾಗಿ ಕುಣಿಯುವವರು ಮೇಳದಲ್ಲಿ ಇನ್ನೂ ಕಲಿಯುತ್ತಿರುವ ಹುಡುಗರು. ಹೆಜ್ಜೆ ತಪ್ಪಬಹುದು, ಕಿರೀಟ ಓಲಾಡಬಹುದು. ನೋಡುವವರು ಇವನು ಕೃಷ್ಣನಂತೆ ಕಾಣುತ್ತಾನೆಯೇ ಎಂದು ಅಳೆಯುವುದಿಲ್ಲ. ಬಣ್ಣ, ಗೆಜ್ಜೆ, ಮುಂದಲೆ, ಭಾಗವತರ ಪದ ಸೇರಿ ಅವನನ್ನು ಕೃಷ್ಣ ಮಾಡಿಬಿಟ್ಟಿವೆ. ಅದೇ ರಾತ್ರಿ ಎರಡು ಗಂಟೆಯ ಮೇಲೆ ಹದಿಹರೆಯದ ಅಭಿಮನ್ಯುವಾಗಿ ಬರುವವರು ಐವತ್ತು ದಾಟಿದವರಿರಬಹುದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡಾಗ ಎಂಬತ್ತನಾಲ್ಕು. ಎಂಬತ್ತರ ಆಚೆಗೂ ಗೆಜ್ಜೆ ಕಟ್ಟಿದವರು. ಅವರ ಭಸ್ಮಾಸುರ ಮೋಹಿನಿಯ ಹಿಂದೆ ಬೀಳುವಾಗ ಯಾರೂ ಅವರ ಜನ್ಮದಿನಾಂಕ ಕೇಳಿದವರಲ್ಲ. ಕಾರ್ಟೂನಿನ ಹುಡುಗನಿಗೆ ವಯಸ್ಸಾಗದಿರುವುದು ಗೆರೆಯ ಬಲದಿಂದ. ಇಲ್ಲಿ ವೇಷದ ಬಲದಿಂದ. ಛೋಟಾ ಭೀಮನನ್ನು ನಟನಿಗೆ ಒಪ್ಪಿಸಿದವರು ಕೈಬಿಟ್ಟದ್ದು ಇದನ್ನೇ. ಗೆರೆ ತೆಗೆದರು, ಅದರ ಜಾಗಕ್ಕೆ ವೇಷ ತರಲಿಲ್ಲ. ಕೇಸರಿ ಪಂಚೆ ಉಟ್ಟ ಮುದ್ದಾದ ಹುಡುಗನೊಬ್ಬ ಉಳಿದ.

2019ರ ‘ಡೋರಾ ಅಂಡ್ ದಿ ಲಾಸ್ಟ್ ಸಿಟಿ ಆಫ್ ಗೋಲ್ಡ್’ ಈ ತೊಡಕನ್ನು ಬಲ್ಲ ಸಿನಿಮಾ. ಟಿವಿಯ ಡೋರಾ ಪ್ರತಿ ಸಲ ನಮ್ಮತ್ತ ತಿರುಗಿ ಮಾತು ಕೇಳುತ್ತಾಳಲ್ಲ. ಸಿನಿಮಾದ ಪುಟ್ಟ ಡೋರಾ ಊಟದ ಮೇಜಿನಿಂದ ಕ್ಯಾಮೆರಾದತ್ತ ತಿರುಗಿ ಹಾಗೇ ಕೇಳಿದಾಗ, ಅಪ್ಪ-ಅಮ್ಮ ಇವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆಂದು ಗಾಬರಿಯಾಗುತ್ತಾರೆ. ಒಳ್ಳೆಯ ನಗೆ. ಆದರೆ ನಮ್ಮ ಕಡೆ ಅದು ನಗೆಯ ವಿಷಯವೇ ಅಲ್ಲ. ಒಡ್ಡೋಲಗ ಮುಗಿಸಿದ ಪಾತ್ರ ಸಭೆಯ ಎದುರು ನಿಂತು ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ, ಭಾಗವತರೊಡನೆ ಮಾತಿಗಿಳಿಯುತ್ತದೆ. ರಂಗದ ಮೇಲಿನ ಉಳಿದವರು ಯಾರೂ ಬೆಚ್ಚುವುದಿಲ್ಲ.

ಇನ್ನು ಮಾತು. ಯಕ್ಷಗಾನದಲ್ಲಿ ಪದ್ಯ ಪ್ರಸಂಗಕರ್ತನದು, ಅರ್ಥ ವೇಷಧಾರಿಯದು. ಬರೆದಿಟ್ಟ ಸಂಭಾಷಣೆ ಇಲ್ಲ. ವ್ಯಾಸರ ಭೀಮ ಪ್ರತಿ ರಾತ್ರಿ, ಪ್ರತಿ ಕಲಾವಿದನ ಬಾಯಲ್ಲಿ ಹೊಸ ಕನ್ನಡ ಆಡುತ್ತಾನೆ. ಯಾರ ಬಾಯಿಗೂ ಬೇರೆಯವರ ದನಿ ಅಂಟಿಸಬೇಕಿಲ್ಲ. ಭಟ್ಕಳದಿಂದ ತೆಂಕಕ್ಕೆ ಹೋದರೆ ಕುಂದಾಪುರದ ಹತ್ತಿರ ಉಪ್ಪಿನಕುದ್ರು. ಅಲ್ಲಿಯ ಕಾಮತ್ ಮನೆತನದ ಸೂತ್ರದ ಗೊಂಬೆಗಳಿಗೆ ಬಡಗುತಿಟ್ಟಿನ ವೇಷವನ್ನೇ ತೊಡಿಸಿದ್ದಾರೆ. ಕೊಗ್ಗ ಕಾಮತರ ಕೈಯಲ್ಲಿ ಮರದ ಗೊಂಬೆ ವೇಷಧಾರಿಯ ಹಾಗೆ ಕುಣಿಯಿತು. ಅಂದರೆ ಹಾಲಿವುಡ್ಡಿನ ದಾರಿಗೆ ತಿರುಗುಮುರುಗು: ಮೊದಲು ಜೀವಂತ ಆಟ, ಆಮೇಲೆ ಅದರ ಆನಿಮೇಷನ್. ಮೈಯಿಂದ ಗೊಂಬೆಗೆ ಇಳಿಯುವಾಗಲೂ ಮಾತು ಕನ್ನಡವೇ ಉಳಿಯಿತು, ಭಾಗವತರ ಪದವೂ ಉಳಿಯಿತು.

ಡಬ್ಬಿಂಗ್ ವಿರೋಧಿಗಳ ಒಳ್ಳೆಯ ವಾದವೂ ನಿಜವಾಗಿ ಯಕ್ಷಗಾನದ್ದೇ. ಕತೆ ಎಲ್ಲಿಂದಲಾದರೂ ಬರಲಿ, ನಮ್ಮ ನಟರು ನಮ್ಮ ಮಾತಿನಲ್ಲಿ ಮತ್ತೆ ಆಡಲಿ, ಅಂದರೆ ರೀಮೇಕ್ ಆಗಲಿ ಎಂದರು. ಕತೆಗಳು ಬಂದವು, ಧಾರಾಳವಾಗಿ ಬಂದವು. ಆದರೆ ಆ ಉದ್ದದ ಪಟ್ಟಿ ದೊಡ್ಡವರ ಪ್ರೇಮ, ಸೇಡು, ಅತ್ತಿಗೆ-ಮೈದುನರದ್ದು. ಮಕ್ಕಳ ಪಾಲಿಗೆ ಕನ್ನಡ ಕೊಟ್ಟದ್ದು ಬೇರೆ ಜಾತಿಯ ಚಿತ್ರ: ‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994), ‘ಕೇರ್ ಆಫ್ ಫುಟ್‌ಪಾತ್’ (2006), ‘ಪುಟಾಣಿ ಪಾರ್ಟಿ’ (2009), ಕಾಸರಗೋಡಿನ ಕನ್ನಡ ಶಾಲೆಯ ಉಳಿವನ್ನೇ ಕತೆ ಮಾಡಿದ ರಿಷಬ್ ಶೆಟ್ಟಿಯವರ 2018ರ ಚಿತ್ರ. ಅವು ಒಳ್ಳೆಯ ಚಿತ್ರಗಳು, ಕೆಲವು ತುಂಬ ಒಳ್ಳೆಯವು. ಅವುಗಳ ಮಕ್ಕಳು ಬಡವರು, ಶಾಲೆಗೆ ಹೋಗುವವರು, ಅಳುವವರು, ಗೆಲ್ಲುವವರು. ಹಾರುವವರಲ್ಲ, ಬೆಟ್ಟ ಎತ್ತುವವರಲ್ಲ. ಅದ್ಭುತದ ಕೆಲಸವನ್ನು ಕನ್ನಡ ಸಿನಿಮಾ ಮಕ್ಕಳಿಗೆ ಮಾಡಿಕೊಡದೆ, ಬೇರೆಯವರು ಮಾಡಿದ್ದನ್ನು ಕನ್ನಡದಲ್ಲಿ ಬರಗೊಡದೆ ಎರಡೂ ಕಡೆ ಬಾಗಿಲು ಹಾಕಿತು. ರೀಮೇಕಿನ ವಾದ ಸೋತದ್ದು ಇಲ್ಲಿ.

ಕಾನೂನಿನ ಬೀಗ 2015ರ ಜುಲೈನಲ್ಲಿ ತೆರೆಯಿತು. ಕನ್ನಡ ಗ್ರಾಹಕರ ಕೂಟ ಹೂಡಿದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ತಪ್ಪೆಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರರಿಗೆ ದಂಡ ಹಾಕಿತು. 2017ರ ಮಾರ್ಚಿನಲ್ಲಿ ತಮಿಳಿನ ಅಜಿತ್ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಆಗಿ ಬಂತು. 2020ರ ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂದು, ಮನೆಯಲ್ಲಿ ಕೂತ ಮಕ್ಕಳು ಭೀಮ, ಕರ್ಣರ ತುಟಿ ಹೊಂದದಿದ್ದರೂ ಮಾತು ಕೇಳಿದರು. 2022ರಲ್ಲಿ ಎರಡನೆಯ ‘ಅವತಾರ್’, 2023ರಲ್ಲಿ ಸ್ಪೈಡರ್‌ಮ್ಯಾನಿನ ಆನಿಮೇಷನ್ ಚಿತ್ರ ಕನ್ನಡದಲ್ಲೂ ಬಂದವು. ಹಾಗೆಂದು ದಾರಿ ಸಲೀಸಾಯಿತೆಂದಲ್ಲ. ಡಿಸ್ನಿಯ ‘ದಿ ಲಯನ್ ಕಿಂಗ್’ 2019ರಲ್ಲಿ, ‘ಮುಫಾಸಾ’ 2024ರ ಡಿಸೆಂಬರಿನಲ್ಲಿ ಬಂದಾಗಲೂ ಭಾಷೆಗಳು ಅವೇ ನಾಲ್ಕು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಈಗ ತಡೆಯುವ ಸಂಘಗಳಿಲ್ಲ. ಐವತ್ತು ವರ್ಷ ಕನ್ನಡವನ್ನು ಲೆಕ್ಕದಿಂದ ಬಿಟ್ಟು ಅಭ್ಯಾಸವಾದ ವ್ಯಾಪಾರವಿದೆ. ಕನ್ನಡದ ಮಕ್ಕಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೋಡಿಕೊಳ್ಳುತ್ತಾರೆ ಎಂಬುದು ಅದರ ಲೆಕ್ಕ. ಅವರು ನೋಡಿಕೊಳ್ಳುತ್ತಲೂ ಇದ್ದಾರೆ.

2025ರ ಜುಲೈ 25ರಂದು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆಕಂಡು, ಪ್ರಹ್ಲಾದ ಕನ್ನಡ ಮಾತಾಡಿದ. ಅದು ಆನಿಮೇಷನ್, ಗೆರೆಯ ಬಾಯಿ.